ಓತಿಕ್ಯಾತ ಊಟ ಬಿಟ್ಟಿದೆ, ಏನು ತಿನ್ನಿಸಲಿ?

ಮಿಷಿಗನ್ನಿನಲ್ಲಿ ಚಳಿ ಹಿಡಿಯಿತೆಂದರೆ ಪರಿಚಿತ ಕನ್ನಡಿಗರಲ್ಲಿ ಯಾರಾದರೊಬ್ಬರು ಫೋನ್ ಮಾಡಿಯೇ ಮಾಡುತ್ತಾರೆ: "ಮಗಳ ಬಿಯರ್ಡೆಡ್ ಡ್ರ್ಯಾಗನ್ ಐದು ದಿನದಿಂದ ಏನೂ ಮುಟ್ಟಿಲ್ಲ. ಏನು ತಿನ್ನಿಸಲಿ?" ನಾನು ಪಶುವೈದ್ಯನಲ್ಲ. ನಮ್ಮ ಮನೆಯದೂ ಒಮ್ಮೆ ಊಟ ಬಿಟ್ಟು ಮಲಗಿ ಎದ್ದಿದೆ, ಅಷ್ಟೇ ನನ್ನ ಅರ್ಹತೆ. ಉತ್ತರ ಮಾತ್ರ ಯಾವಾಗಲೂ ಒಂದೇ: ಸದ್ಯಕ್ಕೆ ಏನೂ ತಿನ್ನಿಸಬೇಡಿ.

ಬಿಯರ್ಡೆಡ್ ಡ್ರ್ಯಾಗನ್ ಎಂದರೆ ಮನೆಯಲ್ಲಿ ಸಾಕುವ ಒಂದು ಬಗೆಯ ಹಲ್ಲಿ, ಆಸ್ಟ್ರೇಲಿಯಾದ ಒಣನಾಡಿನ ಪ್ರಾಣಿ. ನಮ್ಮೂರಿನ ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತನ ಕುಟುಂಬದ್ದೇ. ಬಿಸಿಲಿಗೆ ಮೈ ಕಾಯಿಸಿಕೊಳ್ಳದೆ ಇವುಗಳಿಗೆ ಹಸಿವಾಗುವುದಿಲ್ಲ. ತಣ್ಣಗಿರುವ ಹೊಟ್ಟೆಗೆ ತುರುಕಿದ್ದು ಅರಗದೆ ಅಲ್ಲೇ ಕೊಳೆಯುತ್ತದೆ. ನಮ್ಮದು ಮಂಕಾದಾಗ ಅದರ ಗಾಜಿನ ಗೂಡಿನಲ್ಲಿ ಬಿಸಿಲಿನ ಬದಲು ಇಟ್ಟಿದ್ದ ದೀಪವೇನೋ ಉರಿಯುತ್ತಿತ್ತು, ಗಾಜಿಗೆ ಅಂಟಿಸಿದ್ದ ಉಷ್ಣಮಾಪಕವೂ ಎಲ್ಲ ಸರಿಯಿದೆ ಎನ್ನುತ್ತಿತ್ತು. ದೀಪದಡಿಯ ಕಲ್ಲಿನ ಬಿಸಿಯನ್ನೇ ಅಳೆದು ನೋಡಿದರೆ 31 ಡಿಗ್ರಿ ಸೆಲ್ಸಿಯಸ್! ಅಲ್ಲಿ 38ರಿಂದ 42 ಇರಬೇಕು. ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬಿನದು ಇನ್ನೊಂದು ಮೋಸ. ಬೆಳಕು ಕಾಣುತ್ತಲೇ ಇರುತ್ತದೆ, ಬೇಕಾದ ಕಿರಣ ಮಾತ್ರ ತಿಂಗಳುಗಳು ಕಳೆದಂತೆ ಬತ್ತಿಹೋಗಿರುತ್ತದೆ. ಆ ಕಿರಣವಿಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತದೆ.

ಬಿಸಿ ಸರಿಹೋದ ಮೇಲೆ ನೀರು. ಕಣ್ಣು ಗುಳಿ ಬಿದ್ದಿದೆಯೇ? ಬಾಯಿ ತೆರೆದಾಗ ಜೊಲ್ಲು ಎಳೆಯೆಳೆಯಾಗಿ ಅಂಟುತ್ತದೆಯೇ? ಹಿಕ್ಕೆಯ ಜೊತೆ ಬೀಳುವ ಬಿಳಿ ಭಾಗ ಹಳದಿಯಾಗಿ ಗಟ್ಟಿಯಾಗಿದೆಯೇ? ಹಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಕೂರಿಸಬಹುದು, ಆದರೆ ನೀರು ಅದರ ಭುಜ ಮುಟ್ಟಬಾರದು. ಚರ್ಮವೇ ನೀರು ಹೀರಿಕೊಳ್ಳುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ, ಕೆಲವು ಅಲ್ಲೇ ಬಗ್ಗಿ ಕುಡಿಯುತ್ತವೆ. ನಮ್ಮ ಮಹಾಶಯ ಕುಡಿಯಲಿಲ್ಲ. ಸೂಜಿ ತೆಗೆದ ಸಿರಿಂಜಿನಿಂದ ಮೂತಿಯ ತುದಿಗೆ ಒಂದೊಂದೇ ಹನಿ ಬಿಟ್ಟೆ. ಏಳನೆಯದೋ ಎಂಟನೆಯದೋ ಹನಿಗೆ ನಾಲಿಗೆ ಹೊರಬಂತು.

ಮೈಸೂರಿನಿಂದ ವಿಡಿಯೋ ಕರೆಯಲ್ಲಿ ನೋಡುತ್ತಿದ್ದ ಅಮ್ಮನಿಗೆ ತಾಳ್ಮೆ ಮುಗಿದಿತ್ತು. "ಬಾಯಿ ಬಿಡಿಸಿ ಒಂದು ಚಮಚ ಹಾಕಬಾರದೇನೋ?" ಹಾಕಬಾರದು. ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ. ಸುರಿದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಬೆಳೆದ ಡ್ರ್ಯಾಗನ್‌ಗಳು ಚಳಿಗಾಲದಲ್ಲಿ ವಾರಗಟ್ಟಲೆ ಮಲಗಿ ಊಟ ಬಿಡುವುದೂ ಉಂಟು. ಅದು ನಿದ್ದೆಯೋ ಕಾಯಿಲೆಯೋ ಎಂಬುದಕ್ಕೆ ಅಡುಗೆಮನೆಯ ತಕ್ಕಡಿಯನ್ನು ಕೇಳಿ. ನಿದ್ದೆಯಾದರೆ ತೂಕ ಅಷ್ಟಾಗಿ ಇಳಿಯದು. ನಮ್ಮದು ಹತ್ತು ದಿನದಲ್ಲಿ 420 ಗ್ರಾಂನಿಂದ 375ಕ್ಕೆ ಇಳಿದಿತ್ತು. ಹಸಿ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಸರೀಸೃಪಗಳನ್ನು ನೋಡುವ ವೈದ್ಯೆಯ ಬಳಿಗೆ ಓಡಿದೆವು. ಕರುಳಿನಲ್ಲಿ ಕಾಕ್ಸಿಡಿಯಾ ಎಂಬ ಪರಾವಲಂಬಿ ಸಿಕ್ಕಿತು, ಔಷಧಿ ಕೊಟ್ಟರು. ಮೊದಲೇ ಹೋಗಬೇಕಿತ್ತು.

ಔಷಧಿ ಶುರುವಾಗಿ ಆರನೆಯ ದಿನ ಅದು ಮೊದಲು ತಿಂದದ್ದು ಸಾಸಿವೆ ಸೊಪ್ಪಿನ ಒಂದು ಚೂರು, ಮಾರನೆಯ ದಿನ ಎರಡು ಜೀರುಂಡೆ. ಆ ಸಂಭ್ರಮದಲ್ಲಿ ಮಗ, ಬೇಸಿಗೆ ಬಂದ ಮೇಲೆ ಹಿತ್ತಲಿನ ಮಿಂಚುಹುಳು ಹಿಡಿದು ಕೊಡುತ್ತೇನೆ ಎಂದ. ಅದನ್ನಂತೂ ಕೊಡಲೇಬೇಡಿ. ಇಲ್ಲಿನ ಮಿಂಚುಹುಳು ಒಂದೇ ಒಂದು ಹೊಟ್ಟೆ ಸೇರಿದರೂ ಇವು ಸಾಯಬಹುದು.