ಷೇರುಪೇಟೆ ಬಿದ್ದಾಗ ದೊಡ್ಡ ದೇಣಿಗೆ ಯಾರು ಕೊಡ್ತಾರೆ?

ನಾನು ಅಮೆರಿಕದ ಒಂದು ಮಹಿಳಾ ನಿಧಿಗೆ ದೇಣಿಗೆ ಎತ್ತುವ ಕೆಲಸ ಮಾಡುತ್ತೇನೆ. ಹೀಗಂದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. ಕನ್ನಡ ಸಂಘದ ಊಟದ ಸಾಲಿನಲ್ಲಿ ಕೇಳುತ್ತಾರೆ, ಊರಿಗೆ ಬಂದಾಗ ಚಿಕ್ಕಮ್ಮನ ಮನೆಯಲ್ಲೂ ಕೇಳುತ್ತಾರೆ. "ಅಲ್ಲ ಕಣೇ, ಷೇರುಪೇಟೆ ಬಿದ್ದಿದೆ, ಎಲ್ಲರ ಕೆಲಸ ಹೋಗ್ತಾ ಇದೆ. ಇಂಥ ಹೊತ್ತಲ್ಲಿ ಹತ್ತು ಲಕ್ಷ ಡಾಲರ್ ಯಾವ ಪುಣ್ಯಾತ್ಮರು ಕೊಡ್ತಾರೆ? ಅದೂ ಹೆಂಗಸರ ಸಂಸ್ಥೆಗೆ?"

ಕೊಡ್ತಾರೆ. ಆದರೆ ಕೇಳಬೇಕು. ಅರ್ಧ ಉತ್ತರ ಇಷ್ಟೇ. ಉಳಿದರ್ಧಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಮಹಿಳಾ ನಿಧಿ ಅಂದರೆ ದುಡ್ಡಿದ್ದವರಿಂದ ದುಡ್ಡು ತಂದು, ಹೆಣ್ಣುಮಕ್ಕಳ ಸಣ್ಣಪುಟ್ಟ ಸಂಘಟನೆಗಳಿಗೆ ಹಂಚುವ ಸಂಸ್ಥೆ. ಗಂಡನ ಹೊಡೆತ ತಾಳದೆ ಮನೆ ಬಿಟ್ಟವರಿಗೆ ಆಸರೆ ಕೊಡುವ ಗುಂಪು, ಮನೆಗೆಲಸದವರ ಸಂಘ, ಹುಡುಗಿಯರ ಓದಿಗೆ ದುಡಿಯುವವರು, ಹೀಗೆ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಮಿಸ್ ಫೌಂಡೇಶನ್ ಶುರುವಾಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1983ರಲ್ಲಿ ಮಾಮಾ ಕ್ಯಾಶ್ ಬಂತು. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಲೋಬಲ್ ಫಂಡ್ ಫಾರ್ ವಿಮೆನ್ ಹುಟ್ಟಿತು. ಅದನ್ನು 1996ರಿಂದ 2010ರವರೆಗೆ ಮುನ್ನಡೆಸಿದವರು ಭಾರತದಲ್ಲಿ ಹುಟ್ಟಿದ ಕವಿತಾ ರಾಮದಾಸ್. ಅಂದರೆ 2008ರ ಕುಸಿತವನ್ನು ಅವರೇ ಎದುರಿಸಬೇಕಾಯಿತು.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಇಂಡಿಯಾನಾ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ ಪ್ರಕಾರ, 2016ರಲ್ಲಿ ಅಮೆರಿಕದ ಒಟ್ಟು ದಾನದಲ್ಲಿ ಹೆಣ್ಣುಮಕ್ಕಳ ಸಂಸ್ಥೆಗಳಿಗೆ ಸೇರಿದ್ದು ಶೇ. 1.6. ಆ ವರ್ಷ ಕುಸಿತವೂ ಇರಲಿಲ್ಲ, ಏನೂ ಇರಲಿಲ್ಲ. ಒಳ್ಳೆ ಕಾಲದಲ್ಲೂ ನಮ್ಮ ಪಾಲು ಇಷ್ಟೇ. ಹಾಗಾಗಿ "ಕಾಲ ಸರಿಹೋಗಲಿ, ಆಮೇಲೆ ಕೇಳೋಣ" ಅಂತ ಕೂತರೆ ಕೂತೇ ಇರಬೇಕಾಗುತ್ತದೆ.

ಈಗ 2008ಕ್ಕೆ ಬರೋಣ. ಟೆಕ್ಸಸ್ಸಿನ ತೈಲ ಶ್ರೀಮಂತ ಎಚ್. ಎಲ್. ಹಂಟ್ ಅವರ ಹೆಣ್ಣುಮಕ್ಕಳು ಹೆಲೆನ್ ಮತ್ತು ಸ್ವಾನಿ. (ಇವರ ಮಲಸಹೋದರರೇ 1980ರಲ್ಲಿ ಜಗತ್ತಿನ ಬೆಳ್ಳಿಯನ್ನೆಲ್ಲ ತಾವೇ ಕೊಂಡು ಕೂಡಿಡಲು ಹೋಗಿ ಕೈಸುಟ್ಟುಕೊಂಡವರು. ಒಂದೇ ಅಪ್ಪನ ಮಕ್ಕಳು, ದುಡ್ಡಿನ ಬಗ್ಗೆ ಎಷ್ಟು ಬೇರೆ ಬೇರೆ ಯೋಚನೆ ನೋಡಿ.) ಹೆಲೆನ್ ಡಲ್ಲಾಸ್ ಮತ್ತು ನ್ಯೂಯಾರ್ಕಿನ ಮಹಿಳಾ ನಿಧಿಗಳನ್ನು ಕಟ್ಟಿದವರಲ್ಲಿ ಒಬ್ಬರು. ಸ್ವಾನಿ ಕೊಲರಾಡೋದಲ್ಲಿ ಅದೇ ಕೆಲಸ ಮಾಡಿದವರು, ಮುಂದೆ ಆಸ್ಟ್ರಿಯಾಕ್ಕೆ ಅಮೆರಿಕದ ರಾಯಭಾರಿಯೂ ಆಗಿದ್ದರು. ಇಬ್ಬರೂ ಸೇರಿ ಮೊದಲು ತಮ್ಮ ಕೈಯಿಂದ 1 ಕೋಟಿ ಡಾಲರ್ ಇಟ್ಟರು. ಆಮೇಲೆ 2007ರಲ್ಲಿ, ಮಹಿಳಾ ನಿಧಿಗಳ ಒಕ್ಕೂಟದ ಜೊತೆ ಸೇರಿ, 'ವಿಮೆನ್ ಮೂವಿಂಗ್ ಮಿಲಿಯನ್ಸ್' ಅನ್ನುವ ಅಭಿಯಾನ ಶುರು ಮಾಡಿದರು. ಷರತ್ತು ಸರಳ. ಒಬ್ಬೊಬ್ಬರೂ ಕನಿಷ್ಠ 10 ಲಕ್ಷ ಡಾಲರ್ ಕೊಡಬೇಕು, ಯಾವ ಮಹಿಳಾ ನಿಧಿಗೆ ಅನ್ನೋದು ಅವರವರ ಇಷ್ಟ. 2009ರ ಏಪ್ರಿಲ್ ಹೊತ್ತಿಗೆ 15 ಕೋಟಿ ಡಾಲರ್ ಸೇರಿಸಬೇಕು ಅನ್ನೋದು ಗುರಿ.

ಮಧ್ಯದಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. 2008ರ ಸೆಪ್ಟೆಂಬರ್ 15ಕ್ಕೆ ಲೆಹ್ಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕು ದಿವಾಳಿಯಾಯಿತು. 2007ರ ಅಕ್ಟೋಬರಿನಲ್ಲಿ 14,000 ದಾಟಿದ್ದ ಡೌ ಜೋನ್ಸ್ ಷೇರು ಸೂಚ್ಯಂಕ 2009ರ ಮಾರ್ಚಿಗೆ 6,500ರ ಹತ್ತಿರಕ್ಕೆ ಬಂತು. ಈ ನಡುವೆ 2008ರ ಡಿಸೆಂಬರಿನಲ್ಲಿ, ಹೂಡಿಕೆದಾರರಿಗೆ ವರ್ಷಗಟ್ಟಲೆ ಟೋಪಿ ಹಾಕಿದ್ದ ಬರ್ನಿ ಮೇಡಾಫ್‌ನ ಹಗರಣ ಹೊರಬಿತ್ತು. ಅವನಲ್ಲಿ ದುಡ್ಡಿಟ್ಟಿದ್ದ ಕೆಲವು ದತ್ತಿ ಸಂಸ್ಥೆಗಳು ಬಾಗಿಲೇ ಹಾಕಿದವು. 1987ರ ನಂತರ ಮೊದಲ ಸಲ ಅಮೆರಿಕದ ಒಟ್ಟು ದಾನದ ಮೊತ್ತ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತು.

ಅಭಿಯಾನ ಮುಗಿದಾಗ ಸೇರಿದ್ದು 18 ಕೋಟಿ ಡಾಲರಿಗಿಂತ ಜಾಸ್ತಿ.

ಅದಷ್ಟೂ ಕುಸಿತದ ನಂತರವೇ ಬಂದದ್ದಲ್ಲ. ಒಂದು ಪಾಲು ಪೇಟೆ ಚೆನ್ನಾಗಿದ್ದಾಗಲೇ ಬರೆದುಕೊಟ್ಟ ಮಾತು. ಆದರೂ ಗುರಿ ದಾಟಿತಲ್ಲ. ಯಾಕೆ ದಾಟಿತು ಅನ್ನೋದು ಮುಖ್ಯ.

ಮೊದಲನೇದು, ನಾವು ಸಂಬಳದವರು ಎಲ್ಲರನ್ನೂ ನಮ್ಮ ಲೆಕ್ಕದಲ್ಲೇ ನೋಡುತ್ತೇವೆ. ನಮಗೆ ಕೆಲಸ ಹೋದರೆ ಮುಂದಿನ ತಿಂಗಳ ಮನೆ ಕಂತು ಕಟ್ಟೋದು ಹೇಗೆ ಅನ್ನೋ ಚಿಂತೆ. ದೊಡ್ಡ ದೇಣಿಗೆ ಸಂಬಳದಿಂದ ಬರೋದಿಲ್ಲ, ಆಸ್ತಿಯಿಂದ ಬರುತ್ತದೆ. 5 ಕೋಟಿ ಡಾಲರ್ ಆಸ್ತಿ 3 ಕೋಟಿಗೆ ಇಳಿದವರ ಮನೆಯ ಊಟ, ತಿಂಡಿ, ಪ್ರವಾಸ ಯಾವುದೂ ಬದಲಾಗಿರೋದಿಲ್ಲ. ಬದಲಾಗಿರೋದು ಧೈರ್ಯ. ಅವರಿಗೆ ಬಂದಿರೋದು ಬಡತನ ಅಲ್ಲ, ಹೆದರಿಕೆ. ಬಡತನ ಬಂದವರ ಹತ್ತಿರ ಕೇಳಬಾರದು. ಹೆದರಿದವರ ಹತ್ತಿರ ಕೂತು ಮಾತಾಡಬಹುದು.

ಆ ದಿನಗಳಲ್ಲಿ ಒಬ್ಬ ಹಿರಿಯ ದಾನಿಯ ಮನೆಗೆ ಹೋಗಿದ್ದೆ. ಅಡುಗೆಮನೆ ಮೇಜಿನ ಮೇಲೆ ಬ್ರೋಕರ್ ಕಳಿಸಿದ ಲಕೋಟೆಗಳು, ಒಂದನ್ನೂ ಒಡೆದಿರಲಿಲ್ಲ. ಅವುಗಳ ಮೇಲೆ ಸಕ್ಕರೆ ಡಬ್ಬಿ ಇಟ್ಟಿದ್ದರು. "ನನ್ನ 401ಕೆ ಈಗ 201ಕೆ ಆಗಿದೆ" ಅಂತ ನಕ್ಕರು. ಆಗ ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಇದ್ದ ಜೋಕು ಅದು. 401ಕೆ ಅಂದರೆ ಇಲ್ಲಿನ ನಿವೃತ್ತಿ ಉಳಿತಾಯ. ನಾನೂ ನಕ್ಕೆ. ಆಮೇಲೆ ನಮ್ಮ ನಿಧಿಯಿಂದ ನಡೆಯುವ ಆಸರೆ ಮನೆಯ ವಿಷಯ ಹೇಳಿದೆ. ಗಂಡಸರ ಕೆಲಸ ಹೋದ ಮನೆಗಳಿಂದ ಬರುವ ಫೋನ್ ಜಾಸ್ತಿಯಾಗಿದೆ, ಹಾಸಿಗೆ ಸಾಲುತ್ತಿಲ್ಲ ಅಂದೆ. ಎಷ್ಟು ಬೇಕು ಅನ್ನೋ ಮೊತ್ತವನ್ನು ಬಾಯಿಬಿಟ್ಟು ಹೇಳಿದೆ. ಹೇಳಿ ಸುಮ್ಮನಾದೆ.

ಈ ಸುಮ್ಮನಾಗೋದೇ ನಮ್ಮ ಕೆಲಸದಲ್ಲಿ ಅತಿ ಕಷ್ಟದ ಭಾಗ. ಮೊತ್ತ ಹೇಳಿದ ಮೇಲೆ ಬಾಯಿ ತುರಿಸುತ್ತದೆ. "ಕಷ್ಟ ಆದರೆ ಬೇಡ ಬಿಡಿ", "ಅರ್ಧ ಆದರೂ ಪರವಾಗಿಲ್ಲ" ಅಂತ ಹೇಳಿಬಿಡೋಣ ಅನಿಸುತ್ತದೆ. ಹೇಳಿದರೆ ಮುಗೀತು, ಅವರ ಪರವಾಗಿ ನಾವೇ ಇಲ್ಲ ಅಂದಂತೆ.

ಅವರು ಬಹಳ ಹೊತ್ತಿನ ಮೇಲೆ ಹೇಳಿದ್ದು, "ಈ ವರ್ಷ ಆಗಲ್ಲ." ಕೊಡಲ್ಲ ಅನ್ನಲಿಲ್ಲ, ಈ ವರ್ಷ ಆಗಲ್ಲ ಅಂದರು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಮಾತು ಅಲ್ಲಿಂದ ಶುರುವಾಯಿತು. ಮೊತ್ತ ಇಳಿಸಲಿಲ್ಲ, ಕೊಡುವ ಕಾಲ ಹಿಗ್ಗಿಸಿದೆವು. ಮೊದಲ ವರ್ಷ ಒಂದು ಚೂರು, ಉಳಿದದ್ದು ಮುಂದಿನ ವರ್ಷಗಳಲ್ಲಿ. ಇದಕ್ಕೆ ಇಲ್ಲಿ ಪ್ಲೆಡ್ಜ್ ಅಂತಾರೆ. ಬರೆದು ಸಹಿ ಮಾಡಿದ ಮಾತು. ಕುಸಿತದ ಕಾಲದಲ್ಲಿ ಮೂರರಿಂದ ಐದು ವರ್ಷದ ಪ್ಲೆಡ್ಜ್ ಇಲ್ಲದಿದ್ದರೆ ದೊಡ್ಡ ದೇಣಿಗೆಯ ಮಾತೇ ಎತ್ತೋ ಹಾಗಿಲ್ಲ.

ಹಣ ಯಾವ ಜೇಬಿನಿಂದ ಬರುತ್ತದೆ ಅನ್ನೋದನ್ನೂ ನಾವೇ ಯೋಚಿಸಿಕೊಂಡು ಹೋಗಬೇಕು. ಇಲ್ಲಿನ ತೆರಿಗೆ ಕಾನೂನಿನಲ್ಲಿ ಅದಕ್ಕೆ ದಾರಿಗಳಿವೆ. ಪೇಟೆ ಏರಿದಾಗ ಷೇರನ್ನೇ ದಾನ ಮಾಡಿದರೆ ಲಾಭದ ಮೇಲಿನ ತೆರಿಗೆ ತಪ್ಪುತ್ತದೆ. ಬಿದ್ದಾಗ ಲೆಕ್ಕ ತಿರುಗುಮುರುಗು. ಕೊಂಡ ಬೆಲೆಗಿಂತ ಕೆಳಗೆ ಬಿದ್ದ ಷೇರನ್ನು ಮಾರಿ, ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ತೋರಿಸಿ, ಬಂದ ನಗದನ್ನು ಕೊಡೋದು ವಾಸಿ. ಇನ್ನು ಕೆಲವರು ಒಳ್ಳೆ ವರ್ಷದಲ್ಲೇ 'ಡೋನರ್ ಅಡ್ವೈಸ್ಡ್ ಫಂಡ್' ಅನ್ನುವ ಖಾತೆಗೆ ದುಡ್ಡು ಹಾಕಿ, ತೆರಿಗೆ ವಿನಾಯಿತಿ ತೆಗೆದುಕೊಂಡಾಗಿರುತ್ತದೆ. ಆ ದುಡ್ಡು ಮತ್ತೆ ಅವರ ಮನೆಗೆ ಬರೋ ಹಾಗಿಲ್ಲ, ದಾನಕ್ಕೇ ಹೋಗಬೇಕು. ಮನೆಖರ್ಚಿನ ಹೆದರಿಕೆಗೂ ಅದಕ್ಕೂ ಸಂಬಂಧವೇ ಇಲ್ಲ. ನಾನು ಮೊದಲು ಕೇಳೋದೇ ಆ ಖಾತೆ ಇದೆಯಾ ಅಂತ. ಎಪ್ಪತ್ತು ದಾಟಿದವರು ತಮ್ಮ ನಿವೃತ್ತಿ ಖಾತೆಯಿಂದ ನೇರವಾಗಿ, ವರ್ಷಕ್ಕೆ 1 ಲಕ್ಷ ಡಾಲರ್‌ವರೆಗೆ, ತೆರಿಗೆ ಇಲ್ಲದೆ ಕೊಡುವ ಅವಕಾಶ 2006ರಲ್ಲಿ ಬಂದಿತ್ತು. ಅದರ ಅವಧಿಯನ್ನು ಮುಂದುವರಿಸಿದ್ದು 2008ರ ಅಕ್ಟೋಬರಿನ ಕಾನೂನು. ಹೌದು, ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು ತಂದ ಅದೇ ಕಾನೂನು. ಆ ಗಲಾಟೆಯಲ್ಲಿ ಇದನ್ನು ಗಮನಿಸಿದವರು ಕಡಿಮೆ. ಗಮನಿಸಿದವರು ಆ ವರ್ಷ ಹಿರಿಯ ದಾನಿಗಳಿಗೆ ಫೋನ್ ಮಾಡಿ ಕೂತರು.

ಇನ್ನೊಂದು ದಾರಿ ಉಯಿಲು. ಇದರ ಕಥೆ ಹಳೆಯದು, ಚೆನ್ನಾಗಿಯೂ ಇದೆ. ಮಿರಿಯಂ ಲೆಸ್ಲಿ ಅಂತ ನ್ಯೂಯಾರ್ಕಿನಲ್ಲಿ ಪತ್ರಿಕೆಗಳನ್ನು ನಡೆಸುತ್ತಿದ್ದ ಹೆಂಗಸು. ಗಂಡ ಫ್ರಾಂಕ್ ಲೆಸ್ಲಿ 1880ರಲ್ಲಿ ತೀರಿಕೊಂಡಾಗ ಕಂಪನಿ ಸಾಲದಲ್ಲಿ ಮುಳುಗಿತ್ತು. ಈಕೆ ಕಾನೂನುಬದ್ಧವಾಗಿ ತನ್ನ ಹೆಸರನ್ನೇ ಫ್ರಾಂಕ್ ಲೆಸ್ಲಿ ಅಂತ ಬದಲಾಯಿಸಿಕೊಂಡು ಕಂಪನಿಯನ್ನು ಮೇಲೆತ್ತಿದಳು. ಅವಳು ಸತ್ತದ್ದು 1914ರ ಸೆಪ್ಟೆಂಬರಿನಲ್ಲಿ. ಆಗ ಯುರೋಪಿನಲ್ಲಿ ಯುದ್ಧ ಶುರುವಾಗಿ ನ್ಯೂಯಾರ್ಕ್ ಷೇರುಪೇಟೆಯೇ ಬಾಗಿಲು ಹಾಕಿತ್ತು, ನಾಲ್ಕು ತಿಂಗಳು ತೆರೆಯಲಿಲ್ಲ. ಉಯಿಲು ಒಡೆದು ನೋಡಿದರೆ, ಸುಮಾರು 20 ಲಕ್ಷ ಡಾಲರ್ ಆಸ್ತಿಯ ಬಹುಪಾಲು ಕ್ಯಾರಿ ಚಾಪ್‌ಮನ್ ಕ್ಯಾಟ್ ಅನ್ನುವ ನಾಯಕಿಯ ಕೈಗೆ, ಹೆಂಗಸರ ಮತದಾನದ ಹಕ್ಕಿನ ಹೋರಾಟಕ್ಕೆ! ನೆಂಟರು ಬಿಡ್ತಾರಾ? ಕೋರ್ಟಿಗೆ ಹೋದರು. ವಕೀಲರಿಗೆ, ರಾಜಿಗೆ ಅಂತ ಹೋಗಿ ಕೊನೆಗೆ ಕ್ಯಾಟ್ ಕೈಗೆ ಸಿಕ್ಕಿದ್ದು ಅದರ ಅರ್ಧದಷ್ಟು. 1917ರಿಂದ ಆ ದುಡ್ಡು ಚಳವಳಿಗೆ ಬಳಕೆಯಾಯಿತು. 1920ರಲ್ಲಿ ಸಂವಿಧಾನ ತಿದ್ದುಪಡಿಯಾಗಿ ಮತದ ಹಕ್ಕು ಬಂತು. ಉಯಿಲಿಗೆ ಆ ವರ್ಷದ ಪೇಟೆಯ ಹಂಗಿಲ್ಲ. ಅದಕ್ಕೇ ಕುಸಿತದಲ್ಲಿ "ಈಗ ಬೇಡ, ಉಯಿಲಿನಲ್ಲಿ ಬರೆಯಿರಿ" ಅಂದರೆ ತುಂಬಾ ಜನಕ್ಕೆ ನಿರಾಳ. ವಕೀಲರನ್ನು ಮಾತ್ರ ಒಳ್ಳೆಯವರನ್ನೇ ಹಿಡಿಯಲಿ.

ಇದೆಲ್ಲ ದುಡ್ಡು ಕೊಡುವ ದಾರಿ. ಯಾರು ಕೇಳಬೇಕು ಅನ್ನೋದು ಅದಕ್ಕಿಂತ ದೊಡ್ಡ ವಿಷಯ. ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಬರೆಯೋದು ನೋಡಿದ್ದೀರಲ್ಲ. ಪುಸ್ತಕದಲ್ಲಿ ಮೊದಲು ಬರೆಸಿದವರು ಐನೂರು ಅಂದರೆ ಹಿಂದಿನವರೂ ಐನೂರು, ಐದು ಸಾವಿರ ಅಂದರೆ ಹಿಂದಿನವರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಹಂಟ್ ಅಕ್ಕತಂಗಿ ಮಾಡಿದ್ದು ಇದನ್ನೇ. ಅವರು "ಕೊಡಿ" ಅನ್ನಲಿಲ್ಲ, "ನಾನು ಇಷ್ಟು ಕೊಟ್ಟಿದ್ದೇನೆ, ನೀವೂ ಸೇರಿ" ಅಂದರು. ನನ್ನಂಥ ಸಂಬಳದ ನೌಕರಳು 10 ಲಕ್ಷ ಡಾಲರ್ ಕೇಳಿದರೆ ಅದು ಕೆಲಸದ ಮಾತು. ಈಗಾಗಲೇ ಕೊಟ್ಟ ಗೆಳತಿ ಕೇಳಿದರೆ ತಪ್ಪಿಸಿಕೊಳ್ಳೋದು ಕಷ್ಟ. ಹಾಗಾಗಿ ನನ್ನ ಅರ್ಧ ಕೆಲಸ ಕೇಳೋದಲ್ಲ, ಕೇಳುವವರನ್ನು ತಯಾರು ಮಾಡೋದು.

ಹೆಂಗಸರ ವಿಷಯದಲ್ಲಿ ಇನ್ನೊಂದು ತೊಡಕಿದೆ. ತುಂಬಾ ಜನಕ್ಕೆ ತಮ್ಮ ಹೆಸರು ಮೊತ್ತದ ಪಕ್ಕದಲ್ಲಿ ಕಾಣೋದು ಇಷ್ಟವಿಲ್ಲ. ಜಂಭ ಅಂದುಕೊಳ್ತಾರೆ ಅನ್ನೋ ಭಯ. ಗಂಡ ಓದಿದ ಕಾಲೇಜಿನ ಕಟ್ಟಡದ ಮೇಲೆ ಗಂಡನ ಹೆಸರು ಕೆತ್ತಿಸಲು ಯಾರೂ ಹಿಂದೆಮುಂದೆ ನೋಡೋದಿಲ್ಲ ಬಿಡಿ. ಹೆಸರು ಮುಚ್ಚಿಟ್ಟರೆ ದಾನ ದೊಡ್ಡದು ಅಂತ ನಮಗೂ ಹೇಳಿಕೊಟ್ಟಿದ್ದಾರೆ. ಆದರೆ ಹೆಸರು ಹೇಳದಿದ್ದರೆ ಮುಂದಿನವರಿಗೆ ಮುಯ್ಯಿ ಪುಸ್ತಕವೇ ಇಲ್ಲದಂತಾಗುತ್ತದೆ. ಈ ವಿಷಯದಲ್ಲಿ ನಾನು ದಾನಿಗಳ ಜೊತೆ ಜಗಳವನ್ನೇ ಆಡುತ್ತೇನೆ.

ಸಂಸ್ಥೆಗಳು ಕುಸಿತದಲ್ಲಿ ಮಾಡೋ ಎಡವಟ್ಟು ಅಂದರೆ ತಮ್ಮ ಗೋಳು ಹೇಳೋದು. ನಮ್ಮ ಬಜೆಟ್ ಕಡಿತವಾಯಿತು, ಇಬ್ಬರನ್ನು ಕೆಲಸದಿಂದ ತೆಗೆದೆವು, ದಯವಿಟ್ಟು ಕಾಪಾಡಿ ಅಂತ ಪತ್ರ ಬರೆಯುತ್ತಾರೆ. ಮುಳುಗೋ ದೋಣಿಗೆ ಯಾರೂ ದೊಡ್ಡ ದುಡ್ಡು ಹಾಕಲ್ಲ. ಕುಸಿತದಿಂದ ಹೆಣ್ಣುಮಕ್ಕಳಿಗೆ ಏನಾಗ್ತಿದೆ, ಅದಕ್ಕೆ ನಾವು ಏನು ಮಾಡ್ತಿದ್ದೀವಿ, ಎಷ್ಟು ಬೇಕು. ಈ ಮೂರು ಮಾತು ಸಾಕು. ಇದಕ್ಕಿಂತ ಕೆಟ್ಟದ್ದು ಸುಮ್ನೆ ಇದ್ದುಬಿಡೋದು. "ಪಾಪ, ಅವರಿಗೂ ನಷ್ಟ ಆಗಿದೆ, ಈಗ ಫೋನ್ ಮಾಡಿದರೆ ಚೆನ್ನಾಗಿರಲ್ಲ" ಅಂತ. ಒಂದು ಸಂಸ್ಥೆಯವರು ವರ್ಷವಿಡೀ ಹೀಗೆ ಮರ್ಯಾದೆಯಿಂದ ಸುಮ್ಮನಿದ್ದರು. ಅವರ ದಾನಿ ಅದೇ ವರ್ಷ, ಕೇಳಿದ ಇನ್ನೊಬ್ಬರಿಗೆ ಕೊಟ್ಟರು.

ಕೇಳದೆಯೂ ಬರೋದಿಲ್ವಾ ಅಂದರೆ, ಬರುತ್ತದೆ. ಕೊರೋನಾ ವರ್ಷದಲ್ಲಿ, ಅಮೆಜಾನಿನ ಜೆಫ್ ಬೆಜೋಸ್ ಅವರ ಮಾಜಿ ಹೆಂಡತಿ ಮೆಕೆಂಜಿ ಸ್ಕಾಟ್ 384 ಸಂಸ್ಥೆಗಳಿಗೆ ಸುಮಾರು 420 ಕೋಟಿ ಡಾಲರ್ ಕೊಟ್ಟಿದ್ದೇನೆ ಅಂತ 2020ರ ಡಿಸೆಂಬರಿನಲ್ಲಿ ಬರೆದರು. ಅರ್ಜಿ ಇಲ್ಲ, ಷರತ್ತಿಲ್ಲ. ನನ್ನ ವಾದಕ್ಕೆ ಇದು ಸರಿಯಾದ ಅಪವಾದ, ಒಪ್ಪುತ್ತೇನೆ. ಆದರೆ ಅವರ ಫೋನ್ ಬರಲಿ ಅಂತ ಕಾಯೋದನ್ನು ಯೋಜನೆ ಅನ್ನೋಕಾಗಲ್ಲ, ಅಲ್ವಾ?

"ಇದೆಲ್ಲ ಅಮೆರಿಕದ ಕಥೆ, ನಮ್ಮಲ್ಲಿ ನಡೆಯಲ್ಲ" ಅಂತ ಬೆಂಗಳೂರಿನ ಗೆಳತಿಯೊಬ್ಬಳು ಹೇಳುತ್ತಿರುತ್ತಾಳೆ. ಅವಳೂ ಒಂದು ಸಣ್ಣ ಮಹಿಳಾ ಟ್ರಸ್ಟ್ ನಡೆಸುತ್ತಾಳೆ. ಅವಳ ಕಷ್ಟ ನಿಜ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ, ಹೊರಗಿನಿಂದ ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ಕೊಡೋ ಹಾಗಿಲ್ಲ. ಹಂಚೋದೇ ಕೆಲಸವಾಗಿರುವ ಮಹಿಳಾ ನಿಧಿಗೆ ಇದು ಕೈ ಕಟ್ಟಿಹಾಕಿದ ಹಾಗೆ. ಹಾಗಾಗಿ ದೇಶದೊಳಗೇ ಕೇಳಬೇಕು. ನೇಪಾಳದಲ್ಲಿ ರೀಟಾ ಥಾಪಾ 1990ರ ದಶಕದಲ್ಲಿ ತೇವಾ ಅನ್ನುವ ನಿಧಿ ಕಟ್ಟಿದಾಗ ನೇಪಾಳಿಗಳ ಹತ್ತಿರವೇ ದುಡ್ಡು ಎತ್ತಿದರು. ನಮಗಿಂತ ಶ್ರೀಮಂತ ದೇಶವೇನಲ್ಲ ಅದು. ಇನ್ನು ನಮ್ಮ ದೊಡ್ಡ ಕಂಪನಿಗಳು ಕಾನೂನಿನ ಪ್ರಕಾರ ಸಮಾಜಕ್ಕೆ ಖರ್ಚು ಮಾಡಬೇಕಾದ ಸಿಎಸ್‌ಆರ್ ಶೇ. 2ರ ಲೆಕ್ಕ ಹಿಡಿಯೋದು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಮೇಲೆ. ಈ ವರ್ಷ ಲಾಭ ಬಿದ್ದರೂ ಆ ದುಡ್ಡು ತಕ್ಷಣ ಅಷ್ಟೇ ಬೀಳೋದಿಲ್ಲ. ಕುಸಿತದ ಮೊದಲ ವರ್ಷವೇ ಹೋಗಿ ಕೇಳಬೇಕು. ಮೂರನೇ ವರ್ಷ ಹೋದರೆ ಆ ಸರಾಸರಿಯೂ ಇಳಿದಿರುತ್ತದೆ.

ಇದನ್ನೆಲ್ಲ ಅವಳಿಗೆ ಫೋನಿನಲ್ಲಿ ಹೇಳಿದೆ. "ಸರಿ ಮಾರಾಯ್ತಿ, ಮೊದಲು ಯಾರ ಮನೆಗೆ ಹೋಗಲಿ?" ಅಂದಳು. ನಿನ್ನ ಟ್ರಸ್ಟಿಗಳು ಈ ವರ್ಷ ಎಷ್ಟು ಕೊಟ್ಟಿದ್ದಾರೆ ಅಂತ ಕೇಳಿದೆ. ಅವರೆಲ್ಲ ಸಮಯ ಕೊಡ್ತಾರೆ ಅಂದಳು. ಅವರಿಂದಲೇ ಶುರು ಮಾಡು ಅಂದೆ.