ಯಾವ ಹಡಗಿನಲ್ಲಿದ್ರಿ ಅಂತ ಯಾರೂ ಕೇಳಲಿಲ್ಲ

"ಬೀಡಿ ಸೇದ್ತೀರಾ?"
"ಇಲ್ಲ ಸರ್."
"ಮೊದಲು?"
"ಯಾವತ್ತೂ ಇಲ್ಲ."
"ಮಂಡಕ್ಕಿ ಭಟ್ಟಿ ಕೆಲಸಾನಾ? ಹತ್ತಿ ಮಿಲ್ಲಾ?"
"ಎರಡೂ ಅಲ್ಲ. ಬ್ಯಾಂಕಿನಲ್ಲಿ ಗಾರ್ಡ್ ಆಗಿದ್ದೆ."

ದಾವಣಗೆರೆಯಲ್ಲಿ ಕೆಮ್ಮು ಅಂತ ಹೋದರೆ ಡಾಕ್ಟರು ಕೇಳುವುದು ಇದನ್ನೇ. ಅವರದ್ದು ತಪ್ಪೇನಿಲ್ಲ. ಇದು ಮಿಲ್ಲಿನ ಊರು, ಮಂಡಕ್ಕಿ ಊರು. ಎರಡು ವರ್ಷ ಮೂರು ಕಡೆ ತೋರಿಸಿದೆ. ಮೂರು ಕಡೆಯೂ ಇದೇ ಪ್ರಶ್ನೆ, ಇದೇ ಉತ್ತರ. ಒಬ್ಬರು ಆರು ತಿಂಗಳು ಟಿಬಿ ಮಾತ್ರೆ ಕೊಟ್ಟರು. ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ, ಆದರೂ ಇರಲಿ ಅಂದರು. ಒಂದು ದಿನವೂ ಬಿಡದೆ ನುಂಗಿದೆ. ಏದುಸಿರು ಮಾತ್ರ ಹಾಗೇ ಇತ್ತು.

ಹಡಗಿನ ಮಾತನ್ನು ನಾನೂ ಎತ್ತಲಿಲ್ಲ. ಎತ್ತಬೇಕು ಅಂತ ಹೊಳೆಯಲೇ ಇಲ್ಲ. ನಾನು ಸಮುದ್ರ ಬಿಟ್ಟಿದ್ದು 1991ರಲ್ಲಿ.

ನಮ್ಮೂರು ಜಗಳೂರು ಕಡೆ. ನಾನು ನೌಕಾಪಡೆ ಸೇರಿದಾಗ ಅದು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. 1976, ನನಗೆ 18 ವರ್ಷ. ಮಳೆ ಇಲ್ಲ, ಜಮೀನಿನಲ್ಲಿ ಏನೂ ಇಲ್ಲ. ಕೆರೆಯಲ್ಲೂ ಸರಿಯಾಗಿ ನೀರು ನೋಡದ ಹುಡುಗ ಸಮುದ್ರಕ್ಕೆ ಹೋದೆ. ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ಕೆಲಸ ಕಲಿಸಿದರು. ಆಮೇಲೆ ಹಳೇ ಹಬೆ ಹಡಗಿನ ಬಾಯ್ಲರ್ ರೂಮ್.

ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಹಬೆ 400 ಡಿಗ್ರಿಗೂ ಜಾಸ್ತಿ ಬಿಸಿ. ಆ ಪೈಪುಗಳನ್ನು ಬರಿದಾಗಿ ಬಿಡುವ ಹಾಗಿಲ್ಲ. ಮುಟ್ಟಿದರೆ ಚರ್ಮ ಅಂಟಿಕೊಂಡು ಬರುತ್ತದೆ, ಹಬೆಯ ಶಕ್ತಿಯೂ ದಾರಿಯಲ್ಲೇ ಹೋಗುತ್ತದೆ. ಅದಕ್ಕೇ ಪೈಪಿಗೆಲ್ಲ ದಪ್ಪ ಹೊದಿಕೆ. ಅದನ್ನು ನಾವು ಲ್ಯಾಗಿಂಗ್ ಅಂತಿದ್ದೆವು. ಅದು ಆಸ್ಬೆಸ್ಟಾಸ್. ಕಲ್ಲಿನ ಜಾತಿಯದೇ, ಆದರೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಡಿಸಬಹುದು. ಬೆಂಕಿಗೆ ಸುಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಅಗ್ಗ. ಆ ಕಾಲದಲ್ಲಿ ಜಗತ್ತಿನ ಬಹುತೇಕ ನೌಕಾಪಡೆಗಳು ಅದನ್ನೇ ಬಳಸಿದವು.

ರಿಫಿಟ್, ಅಂದರೆ ಹಡಗಿನ ದೊಡ್ಡ ರಿಪೇರಿ, ಬಂತು ಅಂದರೆ ಹಳೇ ಲ್ಯಾಗಿಂಗ್ ಕಿತ್ತು ಹಾಕಬೇಕು. ಉಳಿ, ಸುತ್ತಿಗೆ, ಕೆಲವು ಸಲ ಬರೀ ಕೈ. ಹೊರಗಿನ ಬಟ್ಟೆ ಹರಿದ ತಕ್ಷಣ ಒಳಗಿನದು ಒಣಗಿದ ಗೂಡಿನ ಹಾಗೆ ಉದುರುತ್ತಿತ್ತು. ಹ್ಯಾಂಡ್ ಲ್ಯಾಂಪ್ ಬೆಳಕಿನಲ್ಲಿ ಆ ದೂಳು ಮಿಣ ಮಿಣ ಹೊಳೆಯುತ್ತಿದ್ದದ್ದು ಇವತ್ತಿಗೂ ಕಣ್ಣ ಮುಂದಿದೆ. ನೋಡಲು ಚೆನ್ನಾಗಿತ್ತು, ನಿಜ ಹೇಳುತ್ತೇನೆ. ಹೊಸದು ಹಾಕುವಾಗ ಬಿಳಿ ಪುಡಿಯನ್ನು ಬಕೆಟಿನಲ್ಲಿ ನೀರು ಹಾಕಿ ಕಲಸುವುದು, ಅಂಗೈಯಿಂದ ಪೈಪಿಗೆ ಮೆತ್ತಿ ಸವರುವುದು. ನಮ್ಮವ್ವ ಮನೆ ಗೋಡೆಗೆ ಮಣ್ಣು ಮೆತ್ತುತ್ತಿದ್ದಳಲ್ಲ, ಅದೇ ಕೈಚಳಕ. ಅದಕ್ಕೇ ನನಗೆ ಬೇಗ ಬಂತು. ಎಲ್ಲರೂ ಹೊಗಳಿದರು.

ಪೈಪಿನ ಜೋಡಣೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಕೂಡ ಅದರದೇ. ಫ್ಲ್ಯಾಂಜಿಗೆ, ಅಂದರೆ ಪೈಪಿನ ತುದಿಯ ಬಳೆಗೆ, ಅಂಟಿದ ಹಳೆಯದನ್ನು ಕೆರೆಯುವುದು, ವೈರ್ ಬ್ರಷ್ ಹಾಕಿ ಉಜ್ಜುವುದು, ಉಳಿದ ಪುಡಿಯನ್ನು ಬಾಯಿಂದ ಉಫ್ ಅಂತ ಊದುವುದು. ಊದಿ ಒಳಗೆ ಉಸಿರು ಎಳೆದುಕೊಳ್ಳುವುದು. ಎಷ್ಟು ಸಾವಿರ ಸಲವೋ. ಮೂಗಿಗೆ ಕರವಸ್ತ್ರ ಕಟ್ಟಿದ್ದೂ ಉಂಟು, ಆದರೆ ಬಾಯ್ಲರ್ ರೂಮಿನ ಸೆಕೆಯಲ್ಲಿ ಅದು ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ. ಮಲಗುವ ಮೆಸ್ ಡೆಕ್ಕಿನಲ್ಲೂ ತಲೆ ಮೇಲೆ ಅದೇ ಪೈಪುಗಳು. ತೋಪು ಹಾರಿಸಿದ ದಿನ ಬಂಕ್ ಮೇಲೆಲ್ಲ ಬಿಳಿ ಪುಡಿ. ಕೊಡವಿ ಮಲಗುತ್ತಿದ್ದೆವು.

2006ರಲ್ಲಿ ಬ್ಯಾಂಕಿನ ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದೆ. ಕ್ಲೆಮಾನ್ಸೊ ಅನ್ನೋ ಫ್ರಾನ್ಸಿನ ವಿಮಾನವಾಹಕ ಹಡಗನ್ನು ಒಡೆಯಲು ಗುಜರಾತಿನ ಅಲಂಗ್‌ಗೆ ಕಳಿಸಿದ್ದರು. ಒಳಗೆ ಆಸ್ಬೆಸ್ಟಾಸ್ ತುಂಬಿದೆ ಅಂತ ಗಲಾಟೆ ಆಯಿತು. ನಮ್ಮ ಸುಪ್ರೀಂ ಕೋರ್ಟ್ ತಡೆಯಿತು. ಕೊನೆಗೆ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಅವರೇ ಅದನ್ನು ವಾಪಸ್ ಕರೆಸಿಕೊಂಡರು. ಓದಿ ಪೇಪರ್ ಮಡಚಿಟ್ಟೆ. ಒಡೆಯುವವರಿಗೆ ಅಷ್ಟು ಅಪಾಯ ಅಂದ ಮೇಲೆ, ಅಂಥ ಹಡಗಿನೊಳಗೆ ವರ್ಷಗಟ್ಟಲೆ ಉಂಡು ಮಲಗಿದವರ ಕಥೆ ಏನು? ಈ ಪ್ರಶ್ನೆ ಆವತ್ತು ನನಗೆ ಬರಲಿಲ್ಲ. ಆಗ ನಾನು ಆರಾಮಾಗಿದ್ದೆ. ಈ ಕಾಯಿಲೆಯ ಸ್ವಭಾವವೇ ಹಾಗೆ. ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತವೆ. ಕರಗುವುದಿಲ್ಲ. ಮೈ ಅವನ್ನು ಹೊರಗೆ ಹಾಕಲು ಒದ್ದಾಡಿ ಒದ್ದಾಡಿ ಸುತ್ತಲೂ ಕಲೆ ಕಟ್ಟಿಕೊಳ್ಳುತ್ತದೆ. ಮೆತ್ತಗಿದ್ದ ಶ್ವಾಸಕೋಶ ಬಿರುಸಾಗುತ್ತದೆ. ಇದು ಆಸ್ಬೆಸ್ಟೋಸಿಸ್. ಗೊತ್ತಾಗುವಷ್ಟರಲ್ಲಿ 20 ವರ್ಷ ದಾಟಿರುತ್ತದೆ. ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾ ಅನ್ನೋ ಕ್ಯಾನ್ಸರ್ ಇನ್ನೂ ತಡ, 30–40 ವರ್ಷ. ಅಮೆರಿಕದ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಝಮ್‌ವಾಲ್ಟ್ ಅದರಿಂದಲೇ 2000ರಲ್ಲಿ ತೀರಿಕೊಂಡರು.

ನನಗೆ ಮೊದಲು ಗೊತ್ತಾಗಿದ್ದು ದುರ್ಗದ ಕೋಟೆಯಲ್ಲಿ. ಹೆಂಡತಿಯ ತವರು ಚಿತ್ರದುರ್ಗ. ಮೊಮ್ಮಗಳು ಓಬವ್ವನ ಕಿಂಡಿ ನೋಡಬೇಕು ಅಂದಳು. ಏಕನಾಥೇಶ್ವರಿ ಗುಡಿ ಇನ್ನೂ ಮೇಲಿತ್ತು. ನಾನು ಬಂಡೆ ಹಿಡಿದು ನಿಂತುಬಿಟ್ಟೆ. ಗಾಳಿ ಇದೆ, ಒಳಗೆ ಹೋಗುತ್ತಿಲ್ಲ. ಮೊಮ್ಮಗಳು ನೀರಿನ ಬಾಟಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

ಕೊನೆಗೆ ಹಿಡಿದಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬೆನ್ನಿನ ಕೆಳಭಾಗಕ್ಕೆ ಸ್ಟೆಥಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬೆರಳ ತುದಿ ಒತ್ತಿ ನೋಡಿದರು. ಟೇಬಲ್ ಮೇಲಿದ್ದ ನನ್ನ ಇಸಿಎಚ್‌ಎಸ್ ಕಾರ್ಡ್, ಅಂದರೆ ಮಾಜಿ ಸೈನಿಕರ ಚಿಕಿತ್ಸೆಯ ಕಾರ್ಡ್, ಕಣ್ಣಿಗೆ ಬಿತ್ತು.

"ಮಿಲಿಟರಿಲಿ ಇದ್ರಾ?"
"ನೇವಿ ಅಮ್ಮ."
"ಹಡಗಿನಲ್ಲಿ ಏನು ಕೆಲಸ?"
"ಬಾಯ್ಲರ್ ರೂಮ್."

ಪೆನ್ನು ಕೆಳಗಿಟ್ಟರು. ಆಮೇಲೆ ಸ್ಟೆಥಸ್ಕೋಪನ್ನು ನನ್ನ ಕಿವಿಗೇ ಹಾಕಿ, ಉಸಿರು ಎಳೀರಿ ಅಂದರು. ಗರಿಗರಿ ಮಂಡಕ್ಕಿಯನ್ನು ಮುಷ್ಟಿಯಲ್ಲಿ ಹಿಸುಕಿದ ಸದ್ದು. ನನ್ನ ಎದೆಯೊಳಗೆ. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ಹೊದಿಕೆ ಮೇಲೆ ಬಿಳಿ ತೇಪೆಗಳು ಸಾಲಾಗಿ ಕಂಡವು.

ಇದಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ಗೊತ್ತಾದರೆ ಆಗುವ ಉಪಯೋಗ ಇದೆ: ಬೇಡದ ಮಾತ್ರೆ ನಿಲ್ಲುತ್ತದೆ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಬಹುದು, ಕ್ಯಾನ್ಸರ್ ಮೇಲೆ ಕಣ್ಣಿಡಬಹುದು. ಸಿಗರೇಟ್ ಸೇದುವವರು ಇವತ್ತೇ ಬಿಡಬೇಕು. ಸಿಗರೇಟು, ಆಸ್ಬೆಸ್ಟಾಸ್ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎಷ್ಟೋ ಪಟ್ಟು ಏರುತ್ತದೆ.

ಆಸ್ಬೆಸ್ಟಾಸ್ ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಜಾಸ್ತಿಯೋ ಅಷ್ಟು ಕಾಲ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಮ್ಮ ದಾಖಲೆ ನಾವೇ ಬರೆದಿಟ್ಟುಕೊಳ್ಳೋಣ. ನಾನು ಒಂದು ಹಾಳೆಯಲ್ಲಿ ಬರೆದಿದ್ದೇನೆ: ಯಾವ ವರ್ಷದಿಂದ ಯಾವ ವರ್ಷ, ಯಾವ ಹಡಗು, ಬಾಯ್ಲರ್ ರೂಮಾ ಎಂಜಿನ್ ರೂಮಾ, ಎಷ್ಟು ರಿಫಿಟ್, ಲ್ಯಾಗಿಂಗ್ ಕೈಯಿಂದ ಕಿತ್ತಿದ್ದು ಎಷ್ಟು ತಿಂಗಳು. ಲ್ಯಾಮಿನೇಷನ್ ಮಾಡಿಸಿ ಕಾರ್ಡಿನ ಜೊತೆ ಇಟ್ಟಿದ್ದೇನೆ. ಹಳೇ ಹಬೆ ಹಡಗಿನಲ್ಲಿ ಕೆಳಗೆ ದುಡಿದ ನಮ್ಮ ಜಿಲ್ಲೆಗಳ ಅಣ್ಣತಮ್ಮಂದಿರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆದಿಡಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಹಡಗಿನಲ್ಲಿ ನನ್ನ ಪಾಳಿಯಲ್ಲೇ ಇದ್ದ, ಈಗ ಹೊಸದುರ್ಗದಲ್ಲಿರುವ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ನಾಲ್ಕು ಮಾತಿಗೊಮ್ಮೆ ಕೆಮ್ಮಿದ. ದೂಳಿಗೆ ಅಲರ್ಜಿ ಅಂದ. ಬೈದು ಸ್ಕ್ಯಾನಿಗೆ ಕಳಿಸಿದ್ದೇನೆ.

ಇನ್ನೊಂದು ಮಾತಿದೆ, ಬರೆಯುವುದು ಕಷ್ಟ. ಮದುವೆಯಾದ ಮೇಲೆ ಮುಂಬೈನಲ್ಲಿ ಮನೆ ಮಾಡಿದ್ದೆವು. ರಿಫಿಟ್ ಇದ್ದಾಗ ಓವರಾಲ್ ಹಾಕಿಕೊಂಡೇ ಮನೆಗೆ ಬರುತ್ತಿದ್ದೆ. ಹೆಂಡತಿ ಅದನ್ನು ಬಾಗಿಲಲ್ಲಿ ನಿಂತು ಪಟಪಟ ಕೊಡವಿ, ಆಮೇಲೆ ನೆನೆ ಹಾಕುತ್ತಿದ್ದಳು. ಹಾಗೇ ನೆನೆಸಿದರೆ ನೀರೆಲ್ಲ ಗಂಜಿಯಾಗುತ್ತದೆ ಅನ್ನುತ್ತಿದ್ದಳು. ಆಸ್ಬೆಸ್ಟಾಸ್ ಕೆಲಸಗಾರರ ಬಟ್ಟೆ ಒಗೆದ ಮನೆಯವರಿಗೂ ಮೆಸೊಥೆಲಿಯೋಮಾ ಬರುತ್ತದೆ ಅಂತ ಲಂಡನ್ನಿನ ವೈದ್ಯರು 1965ರಲ್ಲೇ ಬರೆದಿದ್ದರಂತೆ. ಡಾಕ್ಟರಮ್ಮ ಹೇಳಿದ್ದು.

ಮನೆಗೆ ಬಂದು ಅವಳಿಗೆ ಹೇಳಲು ನನಗೆ ಮೂರು ದಿನ ಬೇಕಾಯಿತು. ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಂಗೇನೂ ಆಗಿಲ್ಲ ಬಿಡ್ರಿ" ಅಂದಳು. ಗುರುವಾರ ಅವಳ ಎಕ್ಸ್‌ರೇ ಇದೆ. ಹಾಳೆಯಲ್ಲಿ ನನ್ನ ಹೆಸರಿನ ಕೆಳಗೆ ಅವಳದ್ದೂ ಬರೆದಿದ್ದೇನೆ: ಮುಂಬೈ, 1984ರಿಂದ 1991, ಬಟ್ಟೆ ಒಗೆದದ್ದು.