ಇಪ್ಪತ್ತು ಸೆಂಟ್ಸ್ ಪಾರ್ಕ್: ಗಿಡಕ್ಕಿಂತ ಮೊದಲು ಕಣಿ

ಮಂಗಳೂರಿನ ಗುಡ್ಡದ ಇಳಿಜಾರಿನಲ್ಲಿರುವ ಈ ಬಡಾವಣೆಯ ಪಾರ್ಕಿನಲ್ಲಿ ಗಿಡ ನೆಡುತ್ತಿರುವುದು ಮೂರನೇ ಸಲ. ಮೊದಲೆರಡು ಸಲ ವನಮಹೋತ್ಸವಕ್ಕೆ ನೆಟ್ಟ ಸಸಿಗಳು ಚೌತಿ ಬರುವಷ್ಟರಲ್ಲಿ ಹಳದಿಯಾಗಿ, ಬೇರು ಕೊಳೆತು ಸತ್ತವು. ನೀರು ಸಾಲದೆ ಅಲ್ಲ, ನೀರು ಹೆಚ್ಚಾಗಿ. ಕೆಂಪುಕಲ್ಲಿನ ಪಾದೆಯಲ್ಲಿ ಎರಡಡಿ ಗುಂಡಿ ತೋಡಿದರೆ ಅದೊಂದು ಕಲ್ಲಿನ ಮರಿಗೆ, ಅಂದರೆ ತೊಟ್ಟಿ. ತುಂಬಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಹಾಗಾಗಿ ಈ ಸಲ ಮಾರ್ಚ್‌ನಿಂದ ಮೇ ತನಕದ ಆದಿತ್ಯವಾರಗಳ ಶ್ರಮದಾನವೆಲ್ಲ ಕಣಿ, ಅಂದರೆ ನೀರು ಬಸಿದುಹೋಗುವ ಕಾಲುವೆ, ತೋಡುವುದಕ್ಕೇ ಮೀಸಲಾಯಿತು.

20 ಸೆಂಟ್ಸ್ ಅಂದರೆ ಸುಮಾರು 810 ಚದರ ಮೀಟರ್. ದಿನಕ್ಕೆ 100 ಮಿ.ಮೀ. ಮಳೆ ಇಲ್ಲಿ ಜುಲೈಯಲ್ಲಿ ಅಪರೂಪವಲ್ಲ. ಅಂಥ ದಿನ ಪಾರ್ಕಿನೊಳಗೆ ಬೀಳುವುದು 81,000 ಲೀಟರ್. ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಗುಂಡಿ 2 ಮೀಟರ್ ಉದ್ದ, ಅಗಲ ಆಳ ಒಂದೂವರೆ ಮೀಟರ್. 40 ಮಿ.ಮೀ. ಜಲ್ಲಿ ತುಂಬಿದ ಮೇಲೆ ಸಂದುಗಳಲ್ಲಿ ಹಿಡಿಯುವುದು ಬರೀ 1,800 ಲೀಟರ್ ಆಸುಪಾಸು. ಇಂಗುಗುಂಡಿಯೊಂದನ್ನೇ ನಂಬಬಾರದು, ಉಕ್ಕಿದ ನೀರು ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರುವ ಕಣಿ ಬೇಕೇ ಬೇಕು. ಗುಂಡಿಯ ಬಾಯಿಗೆ ಹೂಳು ತಡೆಯುವ ಚಿಕ್ಕ ತೊಟ್ಟಿಯೂ ಬೇಕು. ಇಲ್ಲದಿದ್ದರೆ ಮೊದಲ ಮಳೆಯ ಕೆಸರೇ ಜಲ್ಲಿಯ ಸಂದು ಮುಚ್ಚುತ್ತದೆ.

ಗುಂಡಿ ತೋಡುವಾಗ ಒಂದು ಎಚ್ಚರ. ಕೆಂಪುಕಲ್ಲಿನ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪಿನ ಶೇಡಿಮಣ್ಣು ಕಂಡರೆ ಪಿಕ್ಕಾಸು ಅಲ್ಲೇ ನಿಲ್ಲಬೇಕು. ಒಣಗಿದಾಗ ಗಟ್ಟಿ, ನೆನೆದರೆ ಬಲವೇ ಇಲ್ಲ. ಅಲ್ಲಿಗೆ ನೀರಿಳಿಸಿದರೆ ಮೇಲಿನ ತಡೆಗೋಡೆ ಕೂರುತ್ತದೆ. ಆ ಕಾರಣಕ್ಕೇ ಗೋಡೆಗೆ ಹತ್ತಿರವಿದ್ದ ಹಳೆಯ ಇಂಗುಗುಂಡಿಯನ್ನು ಮುಚ್ಚಲಾಯಿತು.

ಕಣಿಯ ಇಳಿಜಾರು 10 ಮೀಟರಿಗೆ 10 ಸೆಂ.ಮೀ. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಮೇಸ್ತ್ರಿಗಳ ನೀರಿನ ಟ್ಯೂಬಿನಲ್ಲೇ ಮಟ್ಟ ನೋಡಬೇಕು. ಟ್ಯೂಬಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ.

ಗಿಡದ ಗುಂಡಿ 60 ಸೆಂ.ಮೀ. ಚೌಕ, ಅಷ್ಟೇ ಆಳ. ಪ್ರತಿ ಗುಂಡಿಯ ಇಳಿಜಾರಿನ ಬದಿಯಲ್ಲಿ ಪಿಕ್ಕಾಸಿನ ಅಗಲಕ್ಕೆ ತಳದವರೆಗೂ ಸೀಳಿ ದೊಡ್ಡ ಕಣಿಗೆ ಸೇರಿಸಲಾಗಿದೆ. ತುಂಬಿಸಿದ್ದು ಎರಡು ಬುಟ್ಟಿ ಮೇಲ್ಮಣ್ಣಿಗೆ ಒಂದು ಬುಟ್ಟಿ ಸುಡುಮಣ್ಣು (ಕಸಕಡ್ಡಿಯೊಂದಿಗೆ ಸುಟ್ಟ ಮಣ್ಣು), ಒಂದು ಬುಟ್ಟಿ ಹಟ್ಟಿಗೊಬ್ಬರ. ಮಣ್ಣು ತಗ್ಗುವುದರಿಂದ ನೆಲಕ್ಕಿಂತ 15 ಸೆಂ.ಮೀ. ಏರಿಸಿಯೇ ನೆಡಬೇಕು. ಗಿಡಗಳು ರೆಂಜೆ (ಬಕುಳ), ಪುನರ್ಪುಳಿ (ಕೋಕಂ), ಬೇಲಿಗೆ ಕೇಪುಳ. ಕಣಿಯ ಅಂಚಿಗೆ 15 ಸೆಂ.ಮೀ.ಗೊಂದರಂತೆ ಲಾವಂಚ.

ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ 24ರಲ್ಲಿ 21 ಗಿಡ ಹೊಸ ಚಿಗುರು ಬಿಟ್ಟಿವೆ. ಸೊರಗಿದ ಮೂರರ ಬುಡ ಅಗೆದಾಗ ಸೀಳಿನ ಬಾಯಿಯಲ್ಲಿ ಮಣ್ಣು ಕಟ್ಟಿಕೊಂಡಿತ್ತು. ಮಣ್ಣು ತೆಗೆದು ಆ ಜಾಗಕ್ಕೆ ತೆಂಗಿನ ಸಿಪ್ಪೆ ಇಟ್ಟದ್ದೇ ಅರ್ಧ ಗಂಟೆ ಕಂದು ನೀರು ಬಸಿಯಿತು. ಸಿಪ್ಪೆಯನ್ನು ಕವುಚಿಯೇ ಇಡಬೇಕು. ಅಂಗಾತ ಇಟ್ಟರೆ ನೀರು ನಿಂತು ಸೊಳ್ಳೆಗೆ ಮನೆಯಾಗುತ್ತದೆ, ಮಲೇರಿಯಾ ಕಂಡ ಊರಿಗೆ ಅದು ಬೇಡ.

ನಡೆದಾಡುವ ದಾರಿಯ ಪಾಚಿ ಹಾಗೆಯೇ ಇದೆ. ಆ ಕೆಲಸ ದೀಪಾವಳಿ ಕಳೆದ ಮೇಲೆ.